ಹೆಡ್‌ಮಾಸ್ಟರು ಬರೆದ ‘ಫ್ಯೂ’

ಒಬ್ಬ ಶ್ರೀಮಂತನಿದ್ದ ಅಂತ ಇಟ್ಕೊಳ್ಳಿ. ಅಕ್ಕಿ ಗಿರಣಿಯ ಯಜಮಾನ, ಯಾವುದಕ್ಕೂ ಕೊರತೆಯಿಲ್ಲ. ನಂಬಿಕೆಗೊಂದೇ ಬರ. ಯಾರಾದರೂ ಕೈಮುಗಿದರೆ, ಇವನಿಗೆ ನನ್ನಿಂದ ಏನು ಬೇಕಾಗಿದೆಯೋ ಅಂತ ನೋಡೋನು.

ಮಗಳು ನೀಲಾಂಬಿಕೆಗೆ ಒಬ್ಬ ಮೇಷ್ಟ್ರ ಸಂಬಂಧ ಬಂತು. ಹುಡುಗ, ಹುಡುಗಿ ಮಾತಾಡಿ ಒಪ್ಪಿದರು. ನಿಶ್ಚಿತಾರ್ಥಕ್ಕೆ ದಿನವೂ ಗೊತ್ತಾಯ್ತು. ಇವನಿಗೆ ಮಾತ್ರ ಒಳಗೊಳಗೇ ಗುಮಾನಿ. ಇಷ್ಟು ಒಳ್ಳೆಯವನಾಗಿ ಕಾಣೋನು ಏನನ್ನೋ ಮುಚ್ಚಿಟ್ಟಿರಲೇಬೇಕು! ಯಾರಿಗೂ ಹೇಳದೆ ಹುಡುಗನ ಹೆಡ್‌ಮಾಸ್ಟರಿಗೆ ಕಾಗದ ಬರೆದು ಗುಣನಡತೆ ಕೇಳಿದ. ಇಂಗ್ಲಿಷಿನಲ್ಲಿ ಒಂದೇ ಸಾಲಿನ ಉತ್ತರ ಬಂತು: ‘ಹಿ ಹ್ಯಾಸ್ ಫ್ಯೂ ಫಾಲ್ಟ್ಸ್.’

ನೋಡಿ, ಫ್ಯೂ ಅಂದರೆ ಕೆಲವು ಅಂತ ಇವನು ಕಲಿತಿದ್ದ. ಹಾಗಾದರೆ ಹುಡುಗನಲ್ಲಿ ಕೆಲವು ದೋಷ ಇವೆ. ಯಾವುವು? ಕುಡಿತವೋ? ಇನ್ನೊಂದು ಸಂಸಾರವೋ? ಮೇಷ್ಟ್ರು ಔಷಧಿ ಅಂಗಡಿಗೆ ಹೋದದ್ದು ಕಂಡರೆ, ಎಂಥ ಕಾಯಿಲೆಯೋ ಅಂದುಕೊಂಡ. ತಂಗಿಯ ಜೊತೆ ಬಸ್ಸು ಹತ್ತಿದ್ದು ಕಂಡರೆ, ಯಾವಳೋ ಅಂದುಕೊಂಡ. ಗುಮಾನಿ ಮನೆಯಲ್ಲಿ ಬಾಯಿಬಿಟ್ಟಾಗ, ಅವರನ್ನೇ ಒಂದು ಮಾತು ಕೇಳಿ ಅಂತ ಮಗಳು ಬೇಡಿಕೊಂಡಳು. ಕೇಳಿದರೆ ಯಾವ ಕಳ್ಳ ಒಪ್ಪಿಕೊಳ್ತಾನೆ ಅಂತ ಅವಳ ಬಾಯಿ ಮುಚ್ಚಿಸಿದ. ಸಂಬಂಧ ಬೇಡ ಅಂತ ಹೇಳಿಕಳಿಸಿದ. ಕಾರಣ ಹೇಳಲಿಲ್ಲ. ನಾವು ಕಾರಣ ಹೇಳದಿದ್ದರೆ ಊರು ಬಿಡುತ್ತಾ? ತಾನೇ ಹುಟ್ಟಿಸಿತು. ಹುಡುಗಿಯಲ್ಲೇ ಏನೋ ಐಬು ಅಂದಿತು. ಮತ್ತೆ ಯಾರೂ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಎರಡು ವರ್ಷದ ಮೇಲೆ ಯಾರದೋ ಮದುವೆಯಲ್ಲಿ ಅದೇ ಹೆಡ್‌ಮಾಸ್ಟರು ಸಿಕ್ಕರು. ಅಂಥ ಹುಡುಗನನ್ನು ಯಾಕೆ ಬಿಟ್ರಿ ಅಂದರು. ನೀವೇ ತಾನೇ ಕೆಲವು ದೋಷ ಇವೆ ಅಂತ ಬರೆದದ್ದು ಅಂದ ಇವನು. ಹೆಡ್‌ಮಾಸ್ಟರು ಕೈಯಲ್ಲಿದ್ದ ಎಲೆಯಡಿಕೆ ಕೆಳಗಿಟ್ಟರು.

“ಯಜಮಾನ್ರೇ, ‘ಎ ಫ್ಯೂ’ ಅಂತ ಬರೆದಿದ್ದರೆ ಕೆಲವು ಇವೆ ಅಂತ. ಬರೀ ‘ಫ್ಯೂ’ ಅಂದರೆ ಇಲ್ಲವೆನ್ನುವಷ್ಟು ಕಡಿಮೆ ಅಂತ. ನಾನು ಹೊಗಳಿ ಬರೆದಿದ್ದೆ.”

ಅವತ್ತೇ ಮೇಷ್ಟ್ರ ಮನೆಗೆ ಓಡಿದ. ಅವರಿಗೆ ಆಗಲೇ ಮದುವೆಯಾಗಿತ್ತು. ಬೈಯಲಿಲ್ಲ, ಕೂರಿಸಿ ಮಜ್ಜಿಗೆ ಕೊಟ್ಟರು.

“ನನ್ನಲ್ಲಿ ಏನೇನು ದೋಷ ಇದೆ ಅಂತ ನಿಮ್ಮ ಮಗಳಿಗೆ ನಾವು ಮಾತಾಡಿ ಒಪ್ಪಿದ ದಿನವೇ ಹೇಳಿದ್ದೆ. ಅವರು ಕೇಳಿದ್ದರು, ನಾನು ಹೇಳಿದೆ” ಅಂದರು.

ಅವನ ಕಥೆ ಬಿಡಿ, ನಮ್ಮ ನಿಮ್ಮ ಮನೆಯದು ನೋಡೋಣ. ಸೊಸೆ ಫೋನಿನಲ್ಲಿ ಮೆಲ್ಲಗೆ ಮಾತಾಡಿದರೆ ನಮ್ಮದೇ ಮಾತು ಅಂದುಕೊಳ್ತೀವಿ. ಅರ್ಧ ಮಾತು ಕೇಳಿ ಪೂರ್ತಿ ತೀರ್ಪು ಕೊಡ್ತೀವಿ. ಹೌದೋ, ಅಲ್ವೋ? ಇನ್ನು ಮೇಲೆ ಅನುಮಾನ ಬಂದಾಗ, ಅವತ್ತೇ ಹೋಗಿ ಎದುರಿಗೆ ಕೂತು ಕೇಳಿ: ‘ನೀನು ಹೇಳಿದ್ದು ನನಗೆ ಹೀಗೆ ಕೇಳಿಸಿತು, ಹೌದಾ?’ ಕೇಳೋದಕ್ಕೆ ನಾಚಿಕೆ ಅಂತೀರಾ? ಕೆಟ್ಟದ್ದು ಎಣಿಸುವಾಗ ಬಾರದ ನಾಚಿಕೆ, ಕೇಳುವಾಗ ಯಾಕೆ ಬರಬೇಕು ತಾಯಂದಿರೇ?