ಸಾಹೇಬರ ಹೆಲ್ಮೆಟ್

ಕೋಳಿ, ಬಾತು ಅಡ್ಡಾಡುವ ಆ ತೋಟದ ಹೋಟೆಲಿನಲ್ಲಿ ಅರ್ಧ ಗಂಟೆಯಿಂದ ಕಾಫಿಗೆ ಕಾದು ನನ್ನ ಪಿತ್ತ ನೆತ್ತಿಗೇರಿತ್ತು. ಮಾಲೀಕನೂ ಅವನ ಅಕ್ಕನೂ ಅಡುಗೆಮನೆ ಬಾಗಿಲಲ್ಲಿ ಪಿಸುಗುಟ್ಟುತ್ತಿದ್ದರು.

“ಕೋಳಿ ಒಳಗೆ ಬಂದ್ರೆ ಲೈಸೆನ್ಸ್ ಇಲ್ಲ ಅಂತಾರೆ ಅಕ್ಕಾ, ತಪಾಸಣೆಗೆ ಬಂದಿರೋ ಸಾಹೇಬ್ರು. ನಮ್ಮವು ಒಳಗೆ ಕಾಲೇ ಇಡಲ್ಲ ಅಂದ್ಬಿಟ್ಟೆ.”

“ಒಂದು ಇಲ್ಲೇ ಒಳಗೆ, ಸಾಹೇಬ್ರ ಹೆಲ್ಮೆಟ್ಟಲ್ಲೇ ಕೂತಿದೆಯಲ್ಲೋ ಮಹರಾಯ!”

“ಎಬ್ಬಿಸು ಮತ್ತೆ!”

“ಮೊಟ್ಟೆ ಇಡ್ತಿದೆ. ಮುಟ್ಟಿದ್ರೆ ಊರೆಲ್ಲ ಕೇಳೋ ಹಾಗೆ ಕಿರುಚುತ್ತೆ.”

“ಹೋಟೆಲ್ ಮುಚ್ಚಿದ್ರೆ ಬೀದಿಗೆ ಬೀಳ್ತೀವಿ ಕಣಕ್ಕಾ!”

“ಹೋಗು, ಅಂಗಳದಲ್ಲೇ ಅವರ ತಲೆ ತಿಂತಿರು. ಅದೊಂದು ನಿಂಗೆ ಚೆನ್ನಾಗಿ ಬರುತ್ತೆ.”

ಸ್ವಲ್ಪ ಹೊತ್ತಿಗೆ ಸಾಹೇಬ ಬಂದ.

“ಸಹಿ ಹಾಕಿದೀನಿ. ಹೆಲ್ಮೆಟ್ ಕೊಡಿ.”

ಅಕ್ಕ ಬೆನ್ನ ಹಿಂದೆ ಮೊಟ್ಟೆ ಮರೆಮಾಡಿ ಹೆಲ್ಮೆಟ್ ಕೊಟ್ಟಳು.

“ಏನಮ್ಮಾ, ಬೆಚ್ಚಗಿದೆ?”

“ಚಳಿ ಅಂತ ಒಲೆ ಪಕ್ಕ ಇಟ್ಟಿದ್ದೆ ಸಾರ್.”

“ಇಷ್ಟು ಕಾಳಜಿ ಯಾವ ಹೋಟೆಲಲ್ಲೂ ನೋಡಿಲ್ಲ!”

ಅಕ್ಕ ತಮ್ಮ ಇಬ್ಬರೂ ಅವನನ್ನು ಗೇಟಿನವರೆಗೆ ಕಳಿಸಿಕೊಡಲು ಹೋದರು. ಹೆಲ್ಮೆಟ್ ಹಾಕಿಕೊಂಡ ಸಾಹೇಬನ ಕಿವಿಯ ಬಳಿ ಪುಕ್ಕವೊಂದು ಗಾಳಿಗೆ ಅಲ್ಲಾಡುತ್ತಿತ್ತು.