ಎಂಟು ಗಂಟೆಗೆ ಬರುವ ಫೋಟೋ

ಹೆಸರು ಮರುಳಸಿದ್ದಯ್ಯ ಬಿನ್ ಲೇಟ್ ರುದ್ರಯ್ಯ, ವಯಸ್ಸು 57 ವರ್ಷ, ವಿದ್ಯಾಭ್ಯಾಸ ಏಳನೇ ತರಗತಿ (ಲೆಕ್ಕದಲ್ಲಿ ಶಾಲೆಗೇ ಮೊದಲು), ಕಸುಬು ತೆಂಗಿನ ತೋಟ, ವಾಸ ತೋಟದ ಮನೆ, ಬಿಳಿಗೆರೆ, ತಿಪಟೂರು ತಾಲ್ಲೂಕು.

ಮೇಲ್ಕಂಡ ನಾನು ಈ ದಿನ ಠಾಣೆಗೆ ಖುದ್ದಾಗಿ ಬಂದು, ನನ್ನ ಅಕ್ಕನ ಮಗಳು ಜೀವಿತಾ ಕೊಟ್ಟಿರುವ ದೂರಿಗೆ ಸಾಕ್ಷಿಯಾಗಿ, ಕಂಡದ್ದನ್ನೂ ಮಾಡಿದ್ದನ್ನೂ ಇದ್ದ ಹಾಗೆ ತಿಳಿಸುವುದೇನೆಂದರೆ:

ಜೀವಿತಾಗೆ 24 ವರ್ಷ. ತಂದೆ ತೀರಿಕೊಂಡ ಮೇಲೆ ಅವಳೂ ನನ್ನ ಅಕ್ಕ ಗಿರಿಜಾಂಬಿಕಾಳೂ ಆರು ವರ್ಷದಿಂದ ನಮ್ಮ ಮನೆಯಲ್ಲೇ ಇರುತ್ತಾರೆ. ಹುಡುಗಿ ತಿಪಟೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ ಮಾಡುತ್ತಾಳೆ. ಏಳನೇ ತಾರೀಖು ಕೊಡಬೇಕಾದ ಸಂಬಳವನ್ನು ಅಂಗಡಿಯವರು ಇಪ್ಪತ್ತಕ್ಕೆ ಕೊಡುವುದು ಅಭ್ಯಾಸ. ಜನವರಿಯಲ್ಲಿ ಅವಳ ಸ್ಕೂಟರು ಕೆಟ್ಟು, ಸಂಬಳ ಬರುವ ತನಕ ಅಂತ ದಿನಾಂಕ 10-01-2025ರಂದು ಮೊಬೈಲಿನ ಒಂದು ಆ್ಯಪ್‌ನಲ್ಲಿ ಏಳು ದಿನದ ಸಾಲ ಮಾಡಿರುತ್ತಾಳೆ. ಸಾಲ ಎಂಟು ಸಾವಿರ ಅಂತ ಬರೆದುಕೊಂಡು ಖಾತೆಗೆ ಹಾಕಿದ್ದು 5,200. ಏಳು ದಿನಕ್ಕೆ ಪೂರ್ತಿ ತೀರಿಸಲಾಗದೆ, ವಾಯಿದೆ ಮುಂದೂಡಲು ವಾರಕ್ಕೆ 2,800ರಂತೆ ಎಂಟು ವಾರ ಕಟ್ಟಿರುತ್ತಾಳೆ. ಒಟ್ಟು 22,400 ಕಟ್ಟಿದರೂ ಎಂಟು ಸಾವಿರದ ಸಾಲ ಹಾಗೇ ನಿಂತಿತ್ತು. ಇದು ಯಾವುದೂ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ವಿಷಯ ಇಷ್ಟು ದೂರ ಬರುತ್ತಿರಲಿಲ್ಲ.

ದಿನಾಂಕ 14-03-2025 ಶುಕ್ರವಾರ ಬೆಳಗ್ಗೆ 11-20ಕ್ಕೆ ನಾನು ತೋಟದಲ್ಲಿ ಕೆಡವಿದ ಕಾಯಿಗಳನ್ನು ಗುಡ್ಡೆ ಹಾಕುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಕರೆ ಬಂದಿತು. ಹರಕುಮುರುಕು ಕನ್ನಡದಲ್ಲಿ ಒಬ್ಬನು, ಜೀವಿತಾ ಎಂಟು ಸಾವಿರ ಕೊಡಬೇಕು, ರಾತ್ರಿ ಎಂಟು ಗಂಟೆಯೊಳಗೆ ಕಟ್ಟದಿದ್ದರೆ ಅವಳ ಕೆಟ್ಟ ಫೋಟೋ ಮಾಡಿ ಅವಳ ಫೋನಿನಲ್ಲಿರುವ 214 ನಂಬರಿಗೂ ಕಳಿಸುತ್ತೇನೆ ಎಂದು ಹೇಳಿದನು.

ಇಲ್ಲಿ ನನ್ನ ಕಡೆಯಿಂದ ಒಂದು ತಪ್ಪಾಗಿದೆ. ಕೊಬ್ಬರಿಯಾಗಲೆಂದು ಒಣಗಲು ಹಾಕಿದ ಕಾಯಿ ಅಟ್ಟದ ಮೇಲೆ ಎಷ್ಟು ಇದೆ ಎಂದು ಹೊರಗಿನವರಿಗೆ ಹೇಳುವ ವಾಡಿಕೆ ನಮ್ಮ ಕಡೆ ಇಲ್ಲ. ಕೊಬ್ಬರಿ ಕೊಳ್ಳಲು ಬಂದವರಿಗೂ ಹೇಳುವುದಿಲ್ಲ. ಆದರೆ ಅವನು ನಮ್ಮ ಮನೆಯನ್ನು ಭಿಕಾರಿ ಮನೆ ಎಂದದ್ದರಿಂದ ನಾನು ತಡೆಯಲಾರದೆ, ‘ಲೇ, ನಮ್ಮಟ್ಟದ ಮ್ಯಾಲೆ ಹನ್ನೆರಡು ಸಾವ್ರ ಕಾಯಿ ಕುಂತವೆ ಕಣ್ಲಾ, ನಿನ್ ಎಂಟು ಸಾವ್ರ ಯಾವ ಮೂಲೆಗೆ’ ಎಂದು ಹೇಳಿರುತ್ತೇನೆ. ಒಂದು ಕಾಯಿ ಕೊಬ್ಬರಿಯಾದರೆ ಎಷ್ಟಕ್ಕೆ ಹೋಗುತ್ತದೆ ಎಂದು ಅವನು ಬಹಳ ಮರ್ಯಾದೆಯಿಂದ ಕೇಳಿದನು. ನಾನು ಅದನ್ನೂ ಸ್ವಲ್ಪ ಮೇಲೆ ಮಾಡಿಯೇ ಹೇಳಿದೆನು. 12-05ಕ್ಕೆ ಅವನಿಂದ ಮೆಸೇಜು ಬಂದಿತು. ಸಾಲ 46,000 ಆಗಿತ್ತು. ಸಾಹೇಬರು ಕೇಳಿದ್ದರಿಂದ ಹೇಳುತ್ತೇನೆ, ಅಟ್ಟದ ಮೇಲೆ ನಿಜವಾಗಿ ಇದ್ದದ್ದು 2,300 ಕಾಯಿ. ಅವೂ ಇನ್ನೂ ಒಣಗಿಲ್ಲ, ಅಲ್ಲಾಡಿಸಿದರೆ ಒಳಗೆ ನೀರು ತುಳುಕುತ್ತದೆ.

ನಾನು ತಕ್ಷಣ ಮನೆಗೆ ಬಂದೆ. ಜೀವಿತಾ ಎರಡು ದಿನದಿಂದ ಮೈ ಸರಿಯಿಲ್ಲವೆಂದು ಕೆಲಸಕ್ಕೆ ಹೋಗದೆ ಒಳಮನೆಯಲ್ಲಿ ಮಲಗಿದ್ದಳು. ಕೇಳಿದಾಗ ಎಲ್ಲವನ್ನೂ ಹೇಳಿದಳು. ಆ ಸಾಲ ತೀರಿಸಲು ಇನ್ನೊಂದು ಆ್ಯಪ್‌ನಲ್ಲಿ ಸಾಲ ತೆಗೆಯುವುದಕ್ಕೆ ಅರ್ಜಿ ತುಂಬುತ್ತಿದ್ದಳು, ಒಂದು ಗುಂಡಿ ಒತ್ತುವುದು ಬಾಕಿ ಇತ್ತು. ನಾನು ಫೋನು ಕಿತ್ತುಕೊಂಡೆ. ಅವಳು, ‘ಫೋಟೋ ಬಂದ್ಮೇಲೆ ಈ ಊರಲ್ಲಿ ಯಾರಿಗೆ ಮುಖ ತೋರ್ಸ್ಲಿ ಮಾವ, ಹೊಸ್ಲು ದಾಟಲ್ಲ ನಾನು’ ಎಂದಳು. ಅಕ್ಕನು ಕಿವಿಯ ಓಲೆ ಬಿಚ್ಚಿ ಚಾಪೆಯ ಮೇಲೆ ಇಟ್ಟಳು. ನಾನು ಅದನ್ನು ವಾಪಸ್ಸು ಹಾಕಿಸಿದೆನು. ಎಂಟು ಸಾವಿರ ಕೊಡಲು ನನಗೆ ಕಷ್ಟವಿರಲಿಲ್ಲ. ಆದರೆ ಬರೀ ಬಾಯಿಮಾತಿಗೆ ಒಂದು ಗಂಟೆಯೊಳಗೆ ಎಂಟನ್ನು ನಲವತ್ತಾರು ಮಾಡಿದವನು, ಕೊಟ್ಟರೆ ನಿಲ್ಲಿಸುತ್ತಾನೆಯೇ ಎಂದು ನನಗೇ ಲೆಕ್ಕ ಹೊಳೆಯಿತು.

ಅದೇ ದಿನ ಸಂಜೆ 6-10ಕ್ಕೆ, ನಮ್ಮ ಮನೆಯಿಂದ 350 ಮೀಟರ್ ದೂರದ ಹಾಲಿನ ಡೈರಿಗೆ ಹೋದೆನು. ಆ ಹೊತ್ತಿಗೆ ಹಾಲು ಹಾಕಲು ಊರಿನ ಅರ್ಧ ಜನ ಸಾಲಿನಲ್ಲಿ ಇರುತ್ತಾರೆ. ನಾನು ಅಲ್ಲಿನ ಮರದ ಬೆಂಚಿನ ಮೇಲೆ ಹತ್ತಿ ನಿಂತು, ‘ಇವತ್ತು ಎಂಟು ಗಂಟೆಗೆ ನಿಮ್ ಫೋನ್ಗೆ ನಮ್ ಜೀವಿತಾನ್ದು ಒಂದು ಫೋಟೋ ಬತ್ತದೆ. ಮುಖ ಅವಳ್ದು, ಮೈ ಇನ್ಯಾರ್ದೋ. ಸಾಲದೋರು ಮಾಡಿರೋ ಕಿತಾಪತಿ. ಐದು ಸಾವ್ರ ಈಸ್ಕಂಡು ಇಪ್ಪತ್ತೆರಡು ಸಾವ್ರ ಕಟ್ಟವ್ಳೆ ನಮ್ಮುಡುಗಿ. ತಗುದು ನೋಡೋರು ನೋಡ್ಕಳಿ, ಆಮ್ಯಾಕೆ ನನ್ನ ಮಾತಾಡ್ಸ್ಬ್ಯಾಡಿ’ ಎಂದು ಗಟ್ಟಿಯಾಗಿ ಹೇಳಿರುತ್ತೇನೆ. ಆಮೇಲೆ ಸಾಲಿನಲ್ಲಿದ್ದ 70 ವರ್ಷದ ಕೆಂಪಕ್ಕ, ‘ಕೇಳಿಸ್ತು ಬುಡು ಸಿದ್ದ, ಇಳಿಯೋ ಕೆಳಕ್ಕೆ, ಬೆಂಚು ಮುರ್ದಾತು’ ಎಂದರು. ಡೈರಿ ಕಾರ್ಯದರ್ಶಿ ರೇಣುಕಪ್ರಸಾದ್ ನಾನು ಹೇಳಿದ್ದನ್ನೇ ಡೈರಿಯ ವಾಟ್ಸಾಪ್ ಗುಂಪಿಗೂ ಹಾಕಿದರು.

8-04ಕ್ಕೆ ಫೋಟೋ ಬಂದಿತು. ನಮ್ಮೂರಿನಲ್ಲಿ 43 ಫೋನಿಗೆ ಬಂದಿರುತ್ತದೆ. 8-15ರಿಂದ ಸಾಲದವರು ಫೋಟೋ ಬಂದವರಿಗೆಲ್ಲ ಒಬ್ಬೊಬ್ಬರಿಗೆ ಕರೆ ಮಾಡಲು ಶುರು ಮಾಡಿದರು. ಕೆಂಪಕ್ಕನಿಗೆ ಕರೆ ಮಾಡಿದವನಿಗೆ ಆಕೆಯು, ಯಾವ ಊರಪ್ಪ, ಯಾರ ಮಗ, ಉಂಡೆಯಾ, ಮದುವೆ ಆಗಿದೆಯಾ, ನಿಮ್ಮವ್ವ ಇದ್ದಾಳಾ, ನೀನು ಮಾಡುವ ಕೆಲಸ ಆಕೆಗೆ ಗೊತ್ತಾ ಎಂದು ಸಾವಕಾಶವಾಗಿ ವಿಚಾರಿಸಿರುತ್ತಾರೆ. 22 ನಿಮಿಷದ ಮೇಲೆ ಅವನೇ ಫೋನು ಇಟ್ಟನು. ನನಗೆ ಬಂದ ಕರೆಗೆ ನಾನು ಅಟ್ಟದ ಕಾಯಿಯನ್ನು ಒಂದರಿಂದ ಎಣಿಸಿ ಹೇಳಲು ಶುರು ಮಾಡಿದೆನು. ನೂರಾ ನಲವತ್ತಕ್ಕೆ ಅವನು ಬೈದು ಕಟ್ ಮಾಡಿದನು. 9-30ರ ನಂತರ ನಮ್ಮೂರಿಗೆ ಒಂದು ಕರೆಯೂ ಬಂದಿರುವುದಿಲ್ಲ. ಈ ಉಪಾಯ ನನ್ನದೇ ಎಂದು ದಯವಿಟ್ಟು ಬರೆದುಕೊಳ್ಳಬೇಕು.

ದಿನಾಂಕ 15-03-2025 ಶನಿವಾರ ಬೆಳಗ್ಗೆ 6-30ಕ್ಕೆ ನಾನು ಹಾಲಿನ ಕ್ಯಾನನ್ನು ಜೀವಿತಾಳ ಕೈಗೆ ಕೊಟ್ಟು, ನನಗೆ ಸೊಂಟ ಹಿಡಿದಿದೆ, ನೀನು ಹಾಕಿ ಬಾ ಎಂದೆ. ಸೊಂಟ ಹಿಡಿದಿರಲಿಲ್ಲ. ಅವಳು ಹೊಸ್ತಿಲಲ್ಲಿ ಸುಮಾರು ಹತ್ತು ನಿಮಿಷ ನಿಂತಿದ್ದು ಆಮೇಲೆ ಹೊರಟಳು. ನಾನು ಇಪ್ಪತ್ತು ಹೆಜ್ಜೆ ಹಿಂದೆ ಹೋದೆನು. ಡೈರಿಯಲ್ಲಿ ಅವಳು ತಲೆ ತಗ್ಗಿಸಿಕೊಂಡು ಸಾಲಿನ ಕೊನೆಯಲ್ಲಿ ನಿಂತಳು. ಕೆಂಪಕ್ಕ ಸಾಲು ಬಿಟ್ಟು ಹಿಂದಕ್ಕೆ ಬಂದು ತಮ್ಮ ಫೋನನ್ನು ಅವಳ ಮುಂದೆ ಹಿಡಿದು, ‘ತಗಳವ್ವ, ನೀನೇ ಅಳಿಸ್ಬುಡು. ನಂಗೆ ಇದೆಲ್ಲ ಗೊತ್ತಾಗಾಕಿಲ್ಲ’ ಎಂದರು. ಅವಳು ಅಳಿಸಿ ಕೊಟ್ಟಳು. ಅದನ್ನು ನೋಡಿ ಮಿಕ್ಕವರೂ ಒಬ್ಬೊಬ್ಬರಾಗಿ ಬಂದು ಅವಳ ಕೈಗೆ ಫೋನು ಕೊಟ್ಟರು. 26 ಫೋನು ಆಯಿತು. ಕೊನೆಗೆ ಮಾಯಣ್ಣ ಎಂಬವರು ಬಂದು, ‘ನನ್ ಫೋನ್ಗೆ ಯಾಕವ್ವ ಬರ್ಲಿಲ್ಲ? ನಿನ್ ಲೆಕ್ಕದಲ್ಲಿ ನಾನು ಮನ್ಸನೇ ಅಲ್ವಾ?’ ಎಂದು ಜಗಳ ತೆಗೆದರು. ‘ನಿಮ್ದು ಬಟನ್ ಫೋನು ಕಣ್ ದೊಡ್ಡಪ್ಪ’ ಎಂದು ಜೀವಿತಾ ನಕ್ಕಳು. ನಮ್ಮ ಹಾಲಿನ ಜಿಡ್ಡು ಡೈರಿಯ ಪರೀಕ್ಷೆಯಲ್ಲಿ 4.1 ಬಂದಿತು.

9-15ಕ್ಕೆ ಸೈಬರ್ ವಂಚನೆಯ ಸಹಾಯವಾಣಿ 1930 ನಂಬರಿಗೆ ದೂರು ಹೇಳಿ, ಕಟ್ಟಿದ ಹಣದ ವಿವರ ಮತ್ತು ಬೆದರಿಕೆಯ ಮೆಸೇಜುಗಳನ್ನು ಉಳಿಸಿಕೊಂಡು, ಆ ಆ್ಯಪನ್ನು ತೆಗೆದು ಹಾಕಿದೆವು. 10-30ಕ್ಕೆ ಅವಳು ಕೆಲಸಕ್ಕೆ ಹೋದಳು. ಅಂಗಡಿಯ ಮಾಲೀಕರಿಗೂ ಫೋಟೋ ಹೋಗಿತ್ತು. ಅವರು ಅದರ ಮಾತೇ ಎತ್ತದೆ, ಶನಿವಾರ ಜನ ಜಾಸ್ತಿ, ಬೇಗ ಕೂತ್ಕೊಮ್ಮ ಎಂದರಂತೆ. ಸಂಜೆ ಆ ತಿಂಗಳ ಸಂಬಳವನ್ನು ಕೇಳದೆಯೇ ಕೈಗೆ ಕೊಟ್ಟಿರುತ್ತಾರೆ. ಆ ಸಾಲದವನಿಗೆ ನಾವು ಅಲ್ಲಿಂದೀಚೆಗೆ ಒಂದು ರೂಪಾಯಿಯನ್ನೂ ಕಟ್ಟಿರುವುದಿಲ್ಲ, ಕಟ್ಟುವುದೂ ಇಲ್ಲ.

ಹೀಗೆ ಫೋನುಗಳಲ್ಲಿ ಫೋಟೋ ಅಳಿಸಿದರೆ ಸಾಕ್ಷಿ ಎಲ್ಲಿ ಎಂದು ಸಾಹೇಬರು ಕೇಳಿದರು. ನನ್ನ ಫೋನಿನಲ್ಲಿ ಅಳಿಸದೆ ಇಟ್ಟಿರುತ್ತೇನೆ. ಅದನ್ನು ನಾನು ತೆರೆದು ನೋಡಿರುವುದಿಲ್ಲ. ತೆರೆಯದೆ ಅದೇ ಫೋಟೋ ಎಂದು ಹೇಗೆ ಗೊತ್ತು ಎಂದು ಕೇಳಿದರು. ತೆರೆಯದಿದ್ದರೆ ಮಸುಕಾಗಿ ಕಾಣುತ್ತದೆ, ಎಷ್ಟು ಮಸುಕಾದರೂ ಮುಖ ನಮ್ಮ ಹುಡುಗಿಯದು ಎಂದು ಗೊತ್ತಾಗುತ್ತದೆ ಎಂದು ಹೇಳಿದೆನು. ಫೋನನ್ನು ಮಹಿಳಾ ಪೇದೆಯವರ ಕೈಗೇ ಕೊಟ್ಟಿರುತ್ತೇನೆ. ಅವರೇ ತೆರೆಯಬೇಕು, ಬೇರೆ ಯಾರೂ ತೆರೆಯಬಾರದು ಎಂದು ಕೇಳಿಕೊಂಡಿರುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ ಹಾಗೆಯೇ ಇದೆ, ಕಾಯಿಯ ಲೆಕ್ಕವೂ ಸೇರಿ ಎಲ್ಲವೂ ನಿಜ ಎಂದು ಒಪ್ಪಿ ರುಜು ಮಾಡಿರುತ್ತೇನೆ.

ಸ್ಥಳ: ತಿಪಟೂರು
ದಿನಾಂಕ: 17-03-2025
(ಸಹಿ) ಮರುಳಸಿದ್ದಯ್ಯ