ದೊರೆ ಹೇಳ್ತಾರೆ

...ಅದೇನು ಅರ್ಧಂಬರ್ಧ ನಗು, ಬಾದು? ನಗೋದಾದ್ರೆ ಪೂರ್ತಿ ನಗು! ಸಭೆ ಮುಗೀತು, ಛತ್ರಿ ಮಡಚಿದ್ರು, ಡೋಲಿನವರೂ ಮನೆ ಸೇರಿದ್ರು. ಇಲ್ಲಿರೋದು ನೀನು, ನಾನು, ಈ ಆಡಿನ ಸಾರು. ಹೊರಗಡೆ ನೀನು ದೊರೆ, ನಾನು ನಿನ್ನ ಮಾತು ಹೊರೋ ಒಚಿಯಾಮೆ. ಒಳಗೆ ನೀನು ಅದೇ ಬಾದು, ಪಕ್ಕದ ಮನೆ ಕೋಳಿ ಕದ್ದು ನನ್ನ ತಲೆಗೆ ಕಟ್ಟಿದೋನು. ಬಾಯಿ ತೆಗಿ. ಫುಫು ಮುದ್ದೆ ಆರಿಹೋಗುತ್ತೆ.

ಸಿಟ್ಟಾ? ಇವತ್ತಿನ ಅಚಿಯಾ ತೀರ್ಪಿನ ವಿಷಯಕ್ಕಾ? ನೋಡಪ್ಪಾ, ನೀನು ನನ್ನ ಕಿವೀಲಿ ಊದಿದ್ದು ಮೂರೇ ಮಾತು. ವಿಧವೆ, ಕೋಕೋ ತೋಟ, ಮೈದುನ. ಅಷ್ಟೇ! ಮೂರನ್ನೂ ಹಾಗ್ಹಾಗೇ ಸಭೆ ಮುಂದೆ ಸುರಿದ್ರೆ ಯಾರಿಗೇನು ಅರ್ಥ ಆಗುತ್ತೆ? ಮರಗೆಣಸು ಒಂದ್ಕಡೆ, ಬಾಳೆಕಾಯಿ ಒಂದ್ಕಡೆ ಬೇಯಿಸಿಟ್ರೆ ಫುಫು ಆಯ್ತಾ? ಕುಟ್ಟಬೇಕು! ಯಾವ ಮಾತಿಗೆ ಯಾವ ಮಾತು ಅಂಟ್ಕೋಬೇಕು ಅಂತ ಗೊತ್ತಿರಬೇಕು. ತೋಟಾನ ವಿಧವೆ ಪಕ್ಕ ಕೂರಿಸಿ ಮೈದುನನ್ನ ಹಿಂದಕ್ಕೆ ತಳ್ಳಿದ್ರೆ ಅವಳ ಒಲೆ ಉರಿಯುತ್ತೆ. ಅದೇ ತೋಟಾನ ಎತ್ತಿ ಮೈದುನನ ತೊಡೆ ಮೇಲೆ ಕೂರಿಸಿದ್ರೆ ಅವಳು ಗಂಟುಮೂಟೆ ಕಟ್ಟಬೇಕು. ಮಾತು ಅವೇ ಮೂರು! ಮೊದಲು ಯಾರು, ಆಮೇಲೆ ಯಾರು, ಯಾರ ಕೈಗೆ ಏನು... ಅಷ್ಟರಲ್ಲೇ ಇರೋದು ಕಣಯ್ಯ ಒಬ್ಬಳ ಬದುಕು.

ಅದಕ್ಕೇ ಚಿನ್ನದ ರೇಕಿನ ಕೋಲು ಊರಿ ನಿಂತೆ. ಗಂಟಲು ಸರಿಮಾಡ್ಕೊಂಡೆ. "ದೊರೆ ಹೇಳ್ತಾರೆ: ಗಂಡನ ಜೊತೆ ಕಾಡು ಕಡಿದು, ಬೆನ್ನಿಗೆ ಮಗು ಕಟ್ಕೊಂಡು ಸಸಿ ನೆಟ್ಟ ಅಚಿಯಾ ಬದುಕಿರೋವರೆಗೂ ಆ ತೋಟದ ಕಾಯಿ ಕೀಳೋಳು ಅವಳೇ, ಮೈದುನ ಡಾಂಕೊ ಅಲ್ಲ!" ಹೇಗಿತ್ತು? ಅಷ್ಟುದ್ದದ ಮಾತು, ಒಂದೆಳೆ ಬಿಚ್ಕೊಳ್ಳಲಿಲ್ಲ! ಡಾಂಕೊ ಮುಖ ನೋಡಿದ್ಯಾ, ಹರಳೆಣ್ಣೆ ಕುಡಿದಂಗೆ!

ಏನು ಹಾಗೆ ನೋಡ್ತೀಯ? ಜಾಸ್ತಿ ಆಯ್ತಾ? ಬೆನ್ನಿಗೆ ಮಗು ಕಟ್ಟಿದ್ದು ನೀನು ಹೇಳಿರಲಿಲ್ಲ, ಒಪ್ಕೊಂಡೆ. ಉಪ್ಪು ಖಾರ ಹಚ್ಚೋದೇ ನನ್ನ ಕಸುಬು! ದೊರೆ ಬಾಯಿಂದ ಜನ ನೇರವಾಗಿ ಮಾತು ಕೇಳಬಾರದು ಅನ್ನೋ ಕಟ್ಟಳೆ ನಾನು ಮಾಡಿದ್ದಾ?

ಅಯ್ಯೋ, ತಟ್ಟೆಯಿಂದ ಎಡಗೈ ತೆಗಿ! ಯಾರಾದ್ರೂ ನೋಡಿದ್ರೆ! ಸ್ನಾನದ ಮನೇಲಿ ಬಿದ್ದು ಬಲಗೈ ಉಳುಕಿದೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀನಿ. ದೊರೆ ಎಡಗೈಲಿ ಉಣ್ತಾನೆ ಅಂತಾನೂ ಸಾರ್ಲಾ? ಇರು, ನಾನೇ ತಿನ್ನಿಸ್ತೀನಿ. ಗಲ್ಲ ಒರೆಸ್ಕೊ... ಬೇಡ, ನಾನೇ ಒರೆಸ್ತೀನಿ.

ಕೇಳು ಬಾದು, ತಮಾಷೆ ಸಾಕು. ಡಾಂಕೊ ಸೀದಾ ನಿಮ್ಮಕ್ಕನ ಹತ್ರ ಹೋಗಿದಾನೆ. "ದೊರೆ ಹಾಗಂದೇ ಇಲ್ಲ, ಒಚಿಯಾಮೆ ತಾನೇ ಹೊಸೆದಿದ್ದು" ಅಂತ. ಆಯಮ್ಮ ಊರಿನ ರಾಣಿತಾಯಿ, ನಿನ್ನನ್ನ ಈ ಪೀಠಕ್ಕೆ ಆರಿಸಿದೋಳು. ಆಕೆಗೆ ನಡುವೆ ನಾನು ಬೇಕಿಲ್ಲ. ಒಳಗೆ ಬಂದು ನಿನ್ನ ಬಾಯಿಂದಾನೇ ಕೇಳ್ತಾಳೆ. "ಹೌದು, ನಾನೇ ಹೇಳಿದ್ದು" ಅಂದುಬಿಡು. ಅಚಿಯಾಗೆ ತೋಟ ಉಳಿಯುತ್ತೆ, ನನಗೆ ಕೋಲು ಉಳಿಯುತ್ತೆ. ಎಷ್ಟು ಚಿಕ್ಕ ಮಾತು! ಒಂದರ ಹಿಂದೆ ಒಂದು ಇಡ್ತಾ ಹೋಗು. ನಾನೇ... ಹೇಳಿದ್ದು...

ಅನ್ನು. ಬರೀ "ನಾ" ಅಂದ್ರೂ ಸಾಕು, ಉಳಿದದ್ದನ್ನ ನಾನು ಅಂಟಿಸ್ತೀನಿ. ಹೋಗ್ಲಿ, ಬೈ! ಕೋಳಿ ಕದ್ದಿದ್ದು ನಾನೇ ಅಂತ ಇನ್ನೊಂದ್ಸಲ ನನ್ನ ತಲೆಗೆ ಕಟ್ಟು, ನಡಿ! ಸಂತೇಲಿ ನಿಂತು ನೂರು ಜನಾನ ನಗಿಸ್ತಿದ್ದ ಬಾಯಿ ಕಣೋ ಇದು...

ತಾಳು, ಬಾಗ್ತೀನಿ. ಕಿವಿ ಇಟ್ಟೆ. ಹೂಂ, ಹೇಳು.

...

ಬೆಳಿಗ್ಗೆ ಸಭೇಲಿ ಕಿವಿ ಇಟ್ಟಾಗಲೂ ಇಷ್ಟೇ. ಉಸಿರು. ಲಕ್ವ ಹೊಡೆದು ಬಿದ್ದ ದಿನದಿಂದ ಬರೀ ಉಸಿರು. ವಿಧವೆ ಅಂತ ನೀನೆಲ್ಲಿ ಅಂದೆ? ಆ ಮೂರು ಮಾತೂ ನಂದೇ. ನಿನ್ನ ಮುಂದೇನೂ ಸುಳ್ಳು ಹೇಳಿ ಹೇಳಿ ನಂಗೇ ನಿಜ ಅನ್ನಿಸೋಕೆ ಶುರುವಾಗಿದೆ. ಕುಮಾಸಿ ಪಟ್ಟಣದಿಂದ ಗುಟ್ಟಾಗಿ ಕರೆಸಿದ ಡಾಕ್ಟರು ಮಾತು ವಾಪಸ್ ಬರುತ್ತೆ ಅಂದಿದ್ರು. ಅಲ್ಲೀವರೆಗೆ ಸಾಗಿಸೋಣ ಅಂದ್ಕೊಂಡೆ. ಊನ ಇರೋ ದೊರೇನ ಪೀಠದಿಂದ ಇಳಿಸ್ತಾರಲ್ಲೋ... ಬಾದು ಆಗಿದ್ರೆ ಏನಂತಿದ್ದ, ಏನಂತಿದ್ದ ಅಂತ ಪ್ರತಿಸಲ ಯೋಚ್ನೆ ಮಾಡೇ ಹೇಳಿದೀನಿ. ಇವತ್ತು ಸರಿಯಾಗಿ ಹೇಳಿದ್ನಾ? ತಲೆ ಆಡಿಸು. ಅದೂ ಬೇಡ, ಕಣ್ಣು ಮುಚ್ಚಿ ತೆಗಿ.

ಅಳಬೇಡ. ಅಳಬೇಡ್ವೋ, ನಿಮ್ಮಕ್ಕ ಬಂದ್ರು.

ಬನ್ನಿ ಅಕ್ಕಾ, ಬನ್ನಿ! ನೂರು ವರ್ಷ ಆಯಸ್ಸು ನಿಮಗೆ, ಈಗಷ್ಟೇ ನಿಮ್ಮ ಮಾತೇ ಆಡ್ತಿದ್ವಿ... ಅಂದ್ರೆ, ದೊರೆ ಊಟ ಮಾಡ್ತಿದ್ರು. ಹೂಂ, ಕೇಳಿ. ಅವರನ್ನೇ ಕೇಳಿ. ನಾನ್ಯಾಕೆ ನಡುವೆ...

ದೊರೆ ಹೇಳ್ತಾರೆ... ದೊರೆ...

ಬಾಗಿಲು ಹಾಕಿ ಅಕ್ಕಾ. ದೊರೆ ಏನೂ ಹೇಳ್ತಿಲ್ಲ.